ಇಕ್ಸೋರಾ ಚಿಗುರು ಹಳದಿಯಾಗಿ ಬರುತ್ತಿದೆ, ಗೊಬ್ಬರ ಕೊಟ್ಟರೂ ಹಸಿರಾಗುತ್ತಿಲ್ಲ

ಬೇಲಿಸಾಲು:

ಎಲ್ಲರಿಗೂ ನಮಸ್ಕಾರ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಕೆಂಪು ಇಕ್ಸೋರಾ ಸಾಲು ನೆಟ್ಟಿದ್ದೇನೆ. ಕೇಪಳ ಅಂತಲೂ ಕರೆಯುತ್ತಾರಲ್ಲ, ಅದೇ. ವರ್ಷವಿಡೀ ಹಸಿರಾಗಿರುತ್ತದೆ, ಎಲೆ ಉದುರಿ ಬೋಳಾಗುವುದಿಲ್ಲ ಅಂತಲೇ ಇದನ್ನು ಆರಿಸಿಕೊಂಡಿದ್ದು. ಮೊದಲು ಚೆನ್ನಾಗಿಯೇ ಇತ್ತು. ಈಗ ಬರುವ ಚಿಗುರೆಲ್ಲ ಹಳದಿ. ಕೆಲವು ಎಲೆಗಳು ಹಳದಿಯೂ ಅಲ್ಲ, ಹೆಚ್ಚು ಕಮ್ಮಿ ಬಿಳಿಚಿಕೊಂಡಿವೆ, ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಹತ್ತಿರದಿಂದ ನೋಡಿದರೆ ಎಲೆಯ ನರಗಳು ಮಾತ್ರ ಹಸಿರಾಗಿವೆ, ನಡುವಿನ ಜಾಗ ಪೂರ್ತಿ ಹಳದಿ, ಹಸಿರು ಬಲೆ ಹಾಸಿದ ಹಾಗೆ ಕಾಣುತ್ತದೆ. ಅದೇ ಕೊಂಬೆಯ ಕೆಳಗಿನ ಹಳೆಯ ಎಲೆಗಳು ಕಡು ಹಸಿರಾಗಿಯೇ ಇವೆ.

ಕಾಂಪೋಸ್ಟ್ ಹಾಕಿದೆ, ಸ್ವಲ್ಪ ಯೂರಿಯಾ ಕೊಟ್ಟೆ, ಹೂವಿಗೆ ಒಳ್ಳೆಯದು ಅಂತ ಬೋನ್ ಮೀಲ್ ಕೂಡ ಬೆರೆಸಿದೆ. ಏನೂ ಬದಲಾಗಿಲ್ಲ. ಗೋಡೆಗೆ ತೀರಾ ಹತ್ತಿರ ಇರುವ ಗಿಡಗಳ ಸ್ಥಿತಿ ಜಾಸ್ತಿ ಕೆಟ್ಟಿದೆ. ಸಾಲು ಬಾಗಿ ಗೋಡೆಯಿಂದ ದೂರ ಹೋಗುವ ಕಡೆ ಇರುವವು ಪರವಾಗಿಲ್ಲ. ನೀರು ಕೊಳವೆ ಬಾವಿಯದು, ಗಡಸು ನೀರು.

ಇನ್ನೊಂದು ವಿಷಯ, ಹೂವೂ ಕಡಿಮೆಯಾಗಿದೆ. ಬೇಲಿ ನೀಟಾಗಿ ಕಾಣಲಿ ಅಂತ ಆಗಾಗ ಮೇಲ್ಭಾಗ ಸಮ ಮಾಡಿ ಕತ್ತರಿಸುತ್ತೇನೆ. ಇದು ರೋಗವಾ? ಕಿತ್ತು ಬೇರೆ ಗಿಡ ಹಾಕಬೇಕಾ? ನನಗೆ ಈ ಗಿಡಗಳನ್ನು ಕೀಳಲು ಮನಸ್ಸಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಿತ್ತಲಹೂ:

ಮೆಗ್ನೀಸಿಯಂ ಕೊರತೆ ಇರಬಹುದು. ನರ ಹಸಿರು, ಮಧ್ಯ ಹಳದಿ ಅಂದ್ರೆ ಅದೇ ಅಲ್ವಾ? ಒಂದು ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಸಾಲ್ಟ್ ಹಾಕಿ ಎಲೆಗೆ ಸಿಂಪಡಿಸಿ ನೋಡಿ.

ಮಣ್ಣುಮುಟ್ಟಿ:

ಹಿತ್ತಲಹೂ ಅವರೇ, ಮೆಗ್ನೀಸಿಯಂ ಕೊರತೆಯಲ್ಲೂ ನರ ಹಸಿರು, ನಡುವೆ ಹಳದಿ ಆಗುತ್ತದೆ, ಅದು ನಿಜ. ಆದರೆ ಅದು ಶುರುವಾಗುವುದು ಕೆಳಗಿನ ಹಳೆಯ ಎಲೆಗಳಲ್ಲಿ. ಮೆಗ್ನೀಸಿಯಂ, ಸಾರಜನಕ, ಪೊಟ್ಯಾಷ್ ಇವೆಲ್ಲ ಗಿಡದೊಳಗೆ ಓಡಾಡುತ್ತವೆ. ಸಾಲದಿದ್ದಾಗ ಗಿಡ ಹಳೆಯ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಹಳೆಯ ಎಲೆ ಸೊರಗುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಗೆ ಸೇರಿದ ಮೇಲೆ ಅದು ಅಲ್ಲಿಂದ ಕದಲುವುದಿಲ್ಲ. ಬೇರಿನಿಂದ ಹೊಸ ಕಬ್ಬಿಣ ಬರದಿದ್ದರೆ ಹೊಸ ಎಲೆ ಹಳದಿಯಾಗಿಯೇ ಹುಟ್ಟುತ್ತದೆ, ಹಳೆಯದು ಹಸಿರಾಗಿಯೇ ಉಳಿಯುತ್ತದೆ. ಬೇಲಿಸಾಲು ಅವರು ಬರೆದಿರುವುದು ಅಕ್ಷರಶಃ ಇದನ್ನೇ. ಗೊಬ್ಬರಕ್ಕೆ ಕೈ ಹಾಕುವ ಮೊದಲು ಯಾವ ಎಲೆ ಹಳದಿ, ಮೇಲಿನದೋ ಕೆಳಗಿನದೋ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೇಲಿಸಾಲು ಅವರೇ, ಇದು ರೋಗ ಅಲ್ಲ, ಕೀಳಬೇಡಿ. ನಿಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲೂ ಅಲ್ಲ. ಬಹುತೇಕ ಎಲ್ಲ ಮಣ್ಣಿನಲ್ಲೂ ಗಿಡಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಬ್ಬಿಣ ಇದ್ದೇ ಇರುತ್ತದೆ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ, ಅಷ್ಟೇ. ಪಿಎಚ್ ಅಂದ್ರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದು ಒಂದು ಅಂಕಿ ಮೇಲೆ ಹೋದರೆ ಕಬ್ಬಿಣ ಕರಗುವ ಪ್ರಮಾಣ ಸುಮಾರು 1000 ಪಟ್ಟು ಇಳಿಯುತ್ತದೆ. ಇಕ್ಸೋರಾಗೆ 5ರಿಂದ 6ರ ಪಿಎಚ್ ಇಷ್ಟ, ಅಂದ್ರೆ ಹುಳಿ ಮಣ್ಣು. ಕಾಫಿ, ಗಾರ್ಡೇನಿಯಾ ಇವುಗಳ ಕುಟುಂಬದ್ದೇ ಗಿಡ ಇದು. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ಮಳೆಗೆ ಸುಣ್ಣದ ಅಂಶ ತೊಳೆದುಹೋದ ಕೆಂಪು ಗುಡ್ಡದ ಮಣ್ಣಿನಲ್ಲಿ ಯಾರೂ ಗೊಬ್ಬರ ಕೊಡದೇ ಇದ್ದರೂ ಕಾಡಾಗಿ ಬೆಳೆದು ಹೂ ಬಿಡುತ್ತದೆ. ಅದೇ ಗಿಡವನ್ನು ಸುಣ್ಣದ ಮಣ್ಣಿಗೆ ತಂದರೆ ಎಷ್ಟು ಆರೈಕೆ ಮಾಡಿದರೂ ಬಿಳಿಚಿಕೊಳ್ಳುತ್ತದೆ.

ಈಗ ನೀವು ಬರೆದದ್ದನ್ನೇ ಇನ್ನೊಮ್ಮೆ ನೋಡಿ. ಗೋಡೆ ಹತ್ತಿರದ ಗಿಡಗಳು ಜಾಸ್ತಿ ಕೆಟ್ಟಿವೆ. ಗೋಡೆಯ ಬುಡದ ಮಣ್ಣಿನಲ್ಲಿ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆ ಚೂರು, ಪ್ಲಾಸ್ಟರಿನ ಪುಡಿ ಹೂತುಹೋಗಿರುತ್ತದೆ. ಪ್ರತಿ ಮಳೆಗೂ ಗೋಡೆಯಿಂದಲೂ ಸುಣ್ಣದ ಅಂಶ ಇಳಿಯುತ್ತಿರುತ್ತದೆ. ಅದರ ಮೇಲೆ ಗಡಸು ನೀರು, ಅದರಲ್ಲಿ ಬೈಕಾರ್ಬನೇಟ್ ಇರುತ್ತದೆ, ಪ್ರತಿ ಸಲ ನೀರು ಹಾಕಿದಾಗಲೂ ಮಣ್ಣಿಗೆ ಸ್ವಲ್ಪ ಸುಣ್ಣ ಕೊಟ್ಟ ಹಾಗೆ. ಬೋನ್ ಮೀಲ್ ದಯವಿಟ್ಟು ನಿಲ್ಲಿಸಿ. ಅದರಲ್ಲಿ ಇರುವುದೇ ಕ್ಯಾಲ್ಸಿಯಂ ಮತ್ತು ರಂಜಕ. ರಂಜಕ ಜಾಸ್ತಿಯಾದರೆ ಕಬ್ಬಿಣ ಇನ್ನೂ ಕಟ್ಟಿಹಾಕಿದ ಹಾಗೆ ಆಗುತ್ತದೆ. ಒಲೆ ಬೂದಿ, ಮೊಟ್ಟೆ ಸಿಪ್ಪೆ ಪುಡಿ ಇವೂ ಈ ಗಿಡದ ಬುಡಕ್ಕೆ ಬೇಡ.

ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆ ಹತ್ತಿರ ಒಂದು ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಪೂರ್ತಿ ಒಣಗಿಸಿ. ದೂರದ ಕಡೆಯಿಂದಲೂ ಒಂದು ಹಿಡಿ ತೆಗೆಯಿರಿ. ಎರಡರ ಮೇಲೂ ವಿನೆಗರ್ ಹನಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚುಸ್ ಅಂತ ಸದ್ದು ಬಂದು ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ ಅಂತ ಅರ್ಥ. ಮಾಡಿ ಇಲ್ಲಿ ಬರೆಯಿರಿ. ಮುಂದೇನು ಮಾಡಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಹಿತ್ತಲಹೂ:

ಹಳೆ ಎಲೆ, ಹೊಸ ಎಲೆ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಹಾಗಾದರೆ ನನ್ನದೊಂದು ಪ್ರಶ್ನೆ. ನನ್ನ ಕುಂಡದ ಇಕ್ಸೋರಾದಲ್ಲಿ ಹಳೆಯ ಎಲೆಗಳ ಮೇಲೆ ಕೆಂಪು ಮಿಶ್ರಿತ ಕಂದು ಚುಕ್ಕೆ ಬರುತ್ತಿವೆ, ಚಿಗುರು ಚೆನ್ನಾಗಿದೆ. ಇದು ಶಿಲೀಂಧ್ರ ಇರಬಹುದು ಅಂತ ಔಷಧಿ ಹೊಡೆಯೋಣ ಅಂತಿದ್ದೆ.

ಮಣ್ಣುಮುಟ್ಟಿ:

ಔಷಧಿ ಹೊಡೆಯುವ ಮೊದಲು ಪೊಟ್ಯಾಷ್ ಕೊಟ್ಟು ನೋಡಿ. ಇಕ್ಸೋರಾದಲ್ಲಿ ಪೊಟ್ಯಾಷ್ ಕೊರತೆ ಹೀಗೇ ಕಾಣುವುದು, ಹಳೆಯ ಎಲೆ ಮೇಲೆ ಕಂದು ಕೆಂಪು ಚುಕ್ಕೆಗಳು, ಆಮೇಲೆ ಎಲೆ ಬೇಗ ಉದುರುವುದು. ಎಲೆಚುಕ್ಕೆ ರೋಗ ಅಂತ ಅಂದುಕೊಂಡು ಸುಮ್ನೆ ಔಷಧಿ ಹೊಡೆಯುವವರು ಬಹಳ. ಕುಂಡದಲ್ಲಿ ನೀರಿನ ಜೊತೆ ಪೊಟ್ಯಾಷ್ ಬೇಗ ತೊಳೆದುಹೋಗುತ್ತದೆ. ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ, ಆದರೆ ಸ್ವಲ್ಪ ಸ್ವಲ್ಪವೇ. ಚುಕ್ಕೆ ಬಿದ್ದ ಎಲೆ ಸರಿಹೋಗುವುದಿಲ್ಲ, ಮುಂದೆ ಬಲಿಯುವ ಎಲೆಗಳನ್ನು ಗಮನಿಸಿ. ತುಂಬಾ ಚಳಿ ಬಿದ್ದಾಗಲೂ ಎಲೆ ಮೇಲೆ ಕಂದು ಕಲೆ ಬರುತ್ತದೆ, ಹಾಗಾಗಿ ಯಾವ ಕಾಲದಲ್ಲಿ ಶುರುವಾಯಿತು ಅಂತಲೂ ನೆನಪು ಮಾಡಿಕೊಳ್ಳಿ.

ಬೇಲಿಸಾಲು:

ಪರೀಕ್ಷೆ ಮಾಡಿದೆ. ಗೋಡೆ ಹತ್ತಿರದ ಮಣ್ಣು ಹನಿ ಬಿದ್ದ ತಕ್ಷಣ ನೊರೆ ಬಂತು, ಸದ್ದು ಚೆನ್ನಾಗಿ ಕೇಳಿಸಿತು. ಅಗೆಯುವಾಗ ಬೂದು ಬಣ್ಣದ ಗಾರೆ ಚೂರುಗಳು ನಿಜವಾಗಿಯೂ ಸಿಕ್ಕವು, ಕೆಲವು ಹೆಬ್ಬೆರಳಿನ ಗಾತ್ರ ಇದ್ದವು. ಒಂದು ಚೂರಿಗೆ ಬೇರು ಸುತ್ತಿಕೊಂಡಿತ್ತು. ದೂರದ ಮಣ್ಣಿನಲ್ಲಿ ಸದ್ದು ಬರಲಿಲ್ಲ.

ಈಗ ಏನು ಮಾಡಲಿ? ನೀರಿಗೆ ವಿನೆಗರ್ ಅಥವಾ ನಿಂಬೆರಸ ಬೆರೆಸಿ ಹಾಕಿ ಅಂತ ಒಬ್ಬರು ಹೇಳಿದರು, ಕಾಫಿ ಚರಟ ಹಾಕಿ ಅಂತ ಇನ್ನೊಬ್ಬರು. ಗಂಧಕದ ಪುಡಿ ಅಂತಲೂ ಕೇಳಿದೆ.

ಮಣ್ಣುಮುಟ್ಟಿ:

ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ವಿನೆಗರ್, ನಿಂಬೆರಸ ಬುಡಕ್ಕೆ ಹಾಕುವುದು ಬೇಡ. ನೊರೆ ಬಂತು ಅಂದ್ರಲ್ಲ, ಆ ನೊರೆಯಲ್ಲೇ ಅದರ ಶಕ್ತಿ ಮುಗಿದುಹೋಗುತ್ತದೆ. ಮಣ್ಣಿನಲ್ಲಿ ಇನ್ನೂ ರಾಶಿ ಸುಣ್ಣ ಉಳಿದಿರುತ್ತದೆ. ಕಾಫಿ ಚರಟದಲ್ಲಿ ಹುಳಿ ಬಹುಪಾಲು ಕಷಾಯಕ್ಕೇ ಇಳಿದುಹೋಗಿರುತ್ತದೆ. ಕಾಂಪೋಸ್ಟಿಗೆ ಹಾಕಲು ಒಳ್ಳೆಯದು, ಪಿಎಚ್ ಇಳಿಸುತ್ತದೆ ಅಂತ ನಂಬಿಕೊಳ್ಳಬೇಡಿ.

ಗಂಧಕ ಕೆಲಸ ಮಾಡುತ್ತದೆ, ಆದರೆ ಎಲ್ಲಿ ಅನ್ನುವುದು ಮುಖ್ಯ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ನಿಧಾನವಾಗಿ ಗಂಧಕಾಮ್ಲ ಮಾಡುತ್ತವೆ. ಅದಕ್ಕೆ ತೇವ, ಬಿಸಿಲಿನ ಶಾಖ, ಕೆಲವು ತಿಂಗಳ ಸಮಯ ಬೇಕು. ನಿಮ್ಮ ದೂರದ ಕಡೆಯ ಮಣ್ಣಿನಲ್ಲಿ, ಸದ್ದು ಬಾರದ ಕಡೆ, ಸ್ವಲ್ಪ ಗಂಧಕ ಹಾಕಿದರೆ ಫಲ ಸಿಗುತ್ತದೆ. ಗೋಡೆ ಹತ್ತಿರ ಲೆಕ್ಕ ಬೇರೆ. 100 ಗ್ರಾಂ ಸುಣ್ಣಕಲ್ಲಿನ ಅಂಶ ಕರಗಿಸಲು 32 ಗ್ರಾಂ ಗಂಧಕ ಬೇಕು. ಮಣ್ಣಿನಲ್ಲಿ ಶೇಕಡ 5 ಸುಣ್ಣ ಇದೆ ಅಂದುಕೊಳ್ಳಿ, ಒಂದು ಕಿಲೋ ಮಣ್ಣಿಗೆ 50 ಗ್ರಾಂ ಸುಣ್ಣ, ಅದಕ್ಕೆ 16 ಗ್ರಾಂ ಗಂಧಕ. ಒಂದು ಗಿಡದ ಬೇರು ಹರಡಿದ ಮಣ್ಣು 100 ಕಿಲೋ ಇದ್ದರೂ 1.6 ಕಿಲೋ ಗಂಧಕ ಆಯಿತು. ಅಷ್ಟೆಲ್ಲ ಒಟ್ಟಿಗೆ ಸುರಿದರೆ ಗಿಡದ ಬೇರಿಗೇ ಪೆಟ್ಟು. ಗಾರೆ ಚೂರುಗಳೂ ಹಾಗೇ ಇರುತ್ತವೆ, ಕರಗುತ್ತಲೇ ಇರುತ್ತವೆ. ಅಲ್ಲಿ ಮಣ್ಣಿನ ಜೊತೆ ಗುದ್ದಾಡುವುದು ಬೇಡ.

ಗೋಡೆ ಹತ್ತಿರದ ಗಿಡಗಳಿಗೆ ಚೀಲೇಟೆಡ್ ಕಬ್ಬಿಣ ಕೊಡಿ, ಅಂದ್ರೆ ಕಬ್ಬಿಣ ಮಣ್ಣಿನಲ್ಲಿ ಗಟ್ಟಿಯಾಗಿ ಕೂರದ ಹಾಗೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟಿರುವ ಗೊಬ್ಬರ. ಇದರಲ್ಲಿ ವಿಧಗಳಿವೆ, ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಲೇಬೇಕು. ಇಡಿಟಿಎ ಅಂತ ಬರೆದಿರುವುದು ಪಿಎಚ್ 6.5 ದಾಟಿದರೆ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಬ್ಬಿಣ ಬಿಟ್ಟುಕೊಡುತ್ತದೆ. ಡಿಟಿಪಿಎ ಸುಮಾರು 7.5ರ ತನಕ ತಡೆಯುತ್ತದೆ. ಸುಣ್ಣದ ಮಣ್ಣಿಗೆ ಬೇಕಾದದ್ದು ಇಡಿಡಿಎಚ್‌ಎ. ಸ್ವಲ್ಪ ದುಬಾರಿ ಇರುತ್ತದೆ. ನೀರಿಗೆ ಹಾಕಿದ ತಕ್ಷಣ ಕಡು ಕೆಂಪು ಬಣ್ಣ ಬಿಡುತ್ತದೆ, ಅದು ಸಹಜ. ಇದನ್ನು ಎಲೆಗಲ್ಲ, ಬುಡಕ್ಕೆ ಕೊಡಬೇಕು. ಬಿಸಿಲಿಗೆ ಕೆಡುತ್ತದೆ, ಹಾಗಾಗಿ ಸಂಜೆ ಹಾಕಿ, ಮೇಲೆ ಸ್ವಲ್ಪ ನೀರು ಹಾಕಿ ಒಳಗೆ ಇಳಿಸಿ. ಪ್ರಮಾಣ ಪೊಟ್ಟಣದಲ್ಲಿ ಬರೆದ ಹಾಗೆ, ಅದಕ್ಕಿಂತ ಜಾಸ್ತಿ ಬೇಡ.

ಕೈಗೆ ಸಿಗುವುದು ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್ ಮಾತ್ರ ಅಂತಾದರೆ ಅದನ್ನು ಆ ಮಣ್ಣಿಗೆ ಹಾಕಿ ಹಾಳು ಮಾಡಬೇಡಿ. ಸುಣ್ಣದ ಮಣ್ಣಿನಲ್ಲಿ ಬೇಗನೆ ತುಕ್ಕಾಗಿ ಕುಳಿತುಬಿಡುತ್ತದೆ. ಎಲೆಗೆ ಸಿಂಪಡಿಸಬಹುದು. ಲೀಟರಿಗೆ 2 ಗ್ರಾಂ, ಜೊತೆಗೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ, ಎಲೆಗೆ ಅಂಟಲು ಒಂದೆರಡು ಹನಿ ಸೋಪು ದ್ರಾವಣ. ಹರಳು ತಿಳಿ ಹಸಿರಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೆಟ್ಟಿದೆ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಮಾತ್ರ ಉಳಿದವಕ್ಕೆ. ಹನಿ ಬಿದ್ದ ಕಡೆ ಮಾತ್ರ ಹಸಿರು ಚುಕ್ಕೆ ಮೂಡುವುದು ನಿಮಗೇ ಕಾಣುತ್ತದೆ. ಅದು ಕಂಡರೆ ಕಬ್ಬಿಣದ್ದೇ ಕೊರತೆ ಅಂತ ಖಚಿತವಾಯಿತು. ಆದರೆ ಮುಂದೆ ಬರುವ ಚಿಗುರಿಗೆ ಇದು ಸಿಗುವುದಿಲ್ಲ, ಮತ್ತೆ ಹೊಡೆಯಬೇಕಾಗುತ್ತದೆ. ಗೋಡೆಗೆ, ನೆಲದ ಕಲ್ಲಿಗೆ ಹನಿ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಏನಾದರೂ ಅಡ್ಡ ಹಿಡಿಯಿರಿ.

ಮಳೆನೀರು ಹಿಡಿದಿಡಲು ಆದರೆ ಅದನ್ನು ಈ ಸಾಲಿಗೇ ಮೀಸಲಿಡಿ. ಬುಡಕ್ಕೆ ಒಣ ಎಲೆ ಹೊದಿಕೆ ನಾಲ್ಕು ಬೆರಳು ದಪ್ಪ ಹಾಕಿ, ಕಾಂಡಕ್ಕೆ ತಾಗದ ಹಾಗೆ. ಎಲೆ ಕೊಳೆತ ಗೊಬ್ಬರದ ಪದರದಲ್ಲಿ ಇಕ್ಸೋರಾದ ಸಣ್ಣ ಬೇರುಗಳು ಬೇಗ ಹರಡುತ್ತವೆ, ಅಲ್ಲಿ ಸುಣ್ಣ ಕಡಿಮೆ ಇರುತ್ತದೆ. ಹಾಗಂತ ಸದಾ ಒದ್ದೆ ಇಡಬೇಡಿ. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರಾಡದೆ ಕಬ್ಬಿಣ ಎಳೆಯಲಾರದು, ಆಗಲೂ ಚಿಗುರು ಇದೇ ತರ ಹಳದಿಯಾಗುತ್ತದೆ.

ತೀರಾ ಬಿಳಿಚಿಕೊಂಡ ಗಿಡ ಯಾವುದಾದರೂ ಇದ್ದರೆ ಮಳೆಗಾಲ ಶುರುವಾದಾಗ ಅದನ್ನು ಗೋಡೆಯಿಂದ ಎರಡು ಮೂರು ಅಡಿ ಆಚೆ ಸರಿಸಿ ನೆಡಿ. ಅಗೆದಾಗ ಬೇರು ನೋಡಿ. ಸಣ್ಣ ಸಣ್ಣ ಗಂಟು ಇದ್ದರೆ ಅದು ಬೇರಿಗೆ ಗಂಟು ಕಟ್ಟುವ ಮಣ್ಣಿನ ಜಂತುಹುಳು (ನೆಮಟೋಡ್), ಆಗ ಕಬ್ಬಿಣ ಕೊಟ್ಟೂ ಪ್ರಯೋಜನ ಇಲ್ಲ, ಆ ಗಿಡ ತೆಗೆದು ಬೇರೆ ಕಡೆ ಬೇರೆ ಮಣ್ಣಿನಲ್ಲಿ ಹೊಸ ಗಿಡ ನೆಡುವುದೇ ದಾರಿ.

ಕತ್ತರಿಕೈ:

ಮಣ್ಣಿನ ವಿಷಯ ಮಣ್ಣುಮುಟ್ಟಿಯವರು ಪೂರ್ತಿ ಹೇಳಿದ್ದಾರೆ. ನಾನು ಹೂವಿನ ಬಗ್ಗೆ ಹೇಳುತ್ತೇನೆ, ಅದನ್ನು ಯಾರೂ ಮುಟ್ಟಲಿಲ್ಲ.

ಇಕ್ಸೋರಾ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಒಂದು ಕೊಂಬೆ ಹಿಡಿದು ತುದಿ ನೋಡಿ. ಕೊನೆಯ ಎರಡು ಎಲೆಗಳ ನಡುವೆ ಹಸಿರು ಮೊಗ್ಗಿನ ಸಣ್ಣ ಗುಂಪು ಕೂತಿರುತ್ತದೆ, ಮೊದಮೊದಲು ಸಾಸಿವೆ ಕಾಳಿನಷ್ಟೇ ಇರುತ್ತದೆ. ಆಮೇಲೆ ಒಂದೊಂದು ಮೊಗ್ಗೂ ಸೂಜಿಯ ಹಾಗೆ ಉದ್ದವಾಗಿ ತುದಿಯಲ್ಲಿ ನಾಲ್ಕು ಎಸಳು ಬಿಚ್ಚುತ್ತದೆ. ನೀವು ಮೇಲ್ಭಾಗ ಸಮ ಮಾಡಿ ಕತ್ತರಿಸಿದಾಗೆಲ್ಲ ಈ ಮೊಗ್ಗುಗಳೇ ಕೆಳಗೆ ಬೀಳುವುದು. ಗಿಡ ಮತ್ತೆ ಕವಲೊಡೆದು ಚಿಗುರಿ ಆ ಚಿಗುರು ಬಲಿತು ತುದಿಗೆ ಮೊಗ್ಗು ಕಟ್ಟುವಷ್ಟರಲ್ಲಿ ಮತ್ತೆ ಕತ್ತರಿ ಬರುತ್ತದೆ. ಇದಲ್ಲದೆ ಪ್ರತಿ ಸಲವೂ ಹಸಿರಾಗಿರುವ ಬಲಿತ ಎಲೆ ತೆಗೆದು ಹಳದಿ ಚಿಗುರನ್ನೇ ಜಾಸ್ತಿ ಮಾಡುತ್ತಿದ್ದೀರಿ. ಕಬ್ಬಿಣ ಸಿಗದ ಗಿಡಕ್ಕೆ ಇದು ಎರಡನೇ ಪೆಟ್ಟು.

ಗಿಡ ಹಸಿರಿಗೆ ಬರುವ ತನಕ ಕತ್ತರಿ ಮುಟ್ಟಬೇಡಿ. ಆಮೇಲೆ ಒಂದು ಸರದಿ ಹೂ ಬಿಟ್ಟು ಬಾಡಿದ ಕೂಡಲೇ ಕತ್ತರಿಸಿ. ಬಾಡಿದ ಗೊಂಚಲಿನ ಕೆಳಗಿನ ಒಂದು ಅಥವಾ ಎರಡು ಜೊತೆ ಎಲೆ ಸೇರಿಸಿ ಕತ್ತರಿಸಿದರೆ ಸಾಕು, ಅಲ್ಲಿಂದ ಎರಡು ಕವಲು ಬರುತ್ತವೆ, ಎರಡರ ತುದಿಯಲ್ಲೂ ಹೂ. ಉದ್ದದ ಬೇಲಿ ಕತ್ತರಿ ಬಿಟ್ಟು ಕೈ ಕತ್ತರಿ ಬಳಸಿ. ನಿಧಾನ ಆಗುತ್ತದೆ, ಆದರೆ ಎಲೆಗಳು ಅರ್ಧಂಬರ್ಧ ತುಂಡಾಗಿ ಕಂದು ಅಂಚು ಬರುವುದಿಲ್ಲ. ಆಕಾರದ ಬಗ್ಗೆ ಒಂದು ಮಾತು, ಬುಡ ಅಗಲ, ಮೇಲೆ ಸ್ವಲ್ಪ ಕಿರಿದು ಇರಲಿ. ಮೇಲೆ ಅಗಲವಾದರೆ ಕೆಳಗಿನ ಎಲೆಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ. ಒಮ್ಮೆ ಬೋಳಾದ ಬುಡ ತುಂಬಿಸುವುದು ಬಹಳ ಕಷ್ಟ.

ಚೌಕಟ್ಟಾಗಿ ಗೋಡೆ ತರಹವೇ ಕಾಣಬೇಕು ಅಂದ್ರೆ ಸಣ್ಣ ಎಲೆಯ ಗಿಡ್ಡ ಜಾತಿ ಇದೆ, ಅದು ತಾನಾಗಿಯೇ ದಟ್ಟವಾಗಿ ಬೆಳೆಯುತ್ತದೆ. ದೊಡ್ಡ ಎಲೆಯ ಜಾತಿಯನ್ನು ಚೌಕ ಮಾಡಲು ಹೋದರೆ ಹೂ ಬಿಟ್ಟುಕೊಡಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಇಕ್ಸೋರಾ ನೆಟ್ಟು ಹೂ ನೋಡದೆ ಇರುವುದಕ್ಕಿಂತ ಬೇಲಿ ಸ್ವಲ್ಪ ಅಂಕುಡೊಂಕಾದರೂ ಪರವಾಗಿಲ್ಲ. ಚಿಟ್ಟೆಗಳು ಬರುವುದೂ ಆ ಉದ್ದ ಕೊಳವೆಯ ಹೂವಿಗೇ.

ಬಿಸಿಲು ದಿನಕ್ಕೆ ಎಷ್ಟು ಹೊತ್ತು ಬೀಳುತ್ತದೆ? ನಾಲ್ಕೈದು ಗಂಟೆಗಿಂತ ಕಡಿಮೆ ಇದ್ದರೆ ಎಲೆ ಚೆನ್ನಾಗಿದ್ದರೂ ಹೂ ಕಡಿಮೆಯೇ.

ಬೇಲಿಸಾಲು:

ಬಿಸಿಲು ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಇದೆ. ಕತ್ತರಿಸುವುದು ನಿಲ್ಲಿಸಿದೆ. ಹೇಳಿದ ಹಾಗೆ ತುದಿ ಹಿಡಿದು ನೋಡಿದೆ, ದೂರದ ಕಡೆಯ ಗಿಡಗಳಲ್ಲಿ ಆ ಸಾಸಿವೆ ಕಾಳಿನ ತರದ ಮೊಗ್ಗು ಇವೆ! ಇಡಿಡಿಎಚ್‌ಎ ಹುಡುಕಿ ತಂದು ಗೋಡೆ ಕಡೆಯ ಗಿಡಗಳಿಗೆ ಸಂಜೆ ಹಾಕಿದ್ದೇನೆ. ಸಿಕ್ಕಷ್ಟು ಗಾರೆ ಚೂರು ಆರಿಸಿ ತೆಗೆದೆ. ಎಲೆ ಹೊದಿಕೆ ಹಾಕಿದೆ.

ಇನ್ನೊಂದು ಕೇಳಲೇಬೇಕು. ಒಂದು ಗಿಡದ ಎಲೆಗಳ ಮೇಲೆ ಕಪ್ಪು ಮಸಿ ಬಳಿದ ಹಾಗೆ ಇದೆ, ಬೆರಳಿನಿಂದ ಉಜ್ಜಿದರೆ ಬರುತ್ತದೆ. ಇರುವೆಗಳೂ ಸಾಲಾಗಿ ಹತ್ತುತ್ತಿವೆ. ಇದೂ ಕಬ್ಬಿಣಕ್ಕೆ ಸಂಬಂಧ ಇದೆಯಾ?

ಕತ್ತರಿಕೈ:

ಇಲ್ಲ, ಇದು ಬೇರೆ. ಎಲೆ ತಿರುಗಿಸಿ ಅಡಿಭಾಗ ನೋಡಿ, ಎಳೆ ಕಾಂಡದ ಸಂದುಗಳನ್ನೂ ನೋಡಿ. ಕಂದು ಬಣ್ಣದ ಸಣ್ಣ ಹೊಪ್ಪಳೆ ಅಂಟಿಕೊಂಡ ಹಾಗಿದ್ದರೆ ಶಲ್ಕ ಕೀಟ. ಉಗುರಿನಿಂದ ಎಬ್ಬಿಸಿದರೆ ಕಳಚಿ ಬರುತ್ತದೆ. ಬಿಳಿ ಹತ್ತಿ ತರ ಇದ್ದರೆ ಹಿಟ್ಟು ತಿಗಣೆ. ಇವು ರಸ ಹೀರಿ ಸಿಹಿ ಅಂಟು ಸುರಿಸುತ್ತವೆ, ಅದು ಕೆಳಗಿನ ಎಲೆ ಮೇಲೆ ಬಿದ್ದು ಅದರಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯ ಒಳಗೆ ಹೋಗುವುದಿಲ್ಲ, ಬಿಸಿಲು ತಡೆಯುತ್ತದೆ ಅಷ್ಟೇ. ಇರುವೆ ಬರುವುದು ಆ ಸಿಹಿಗಾಗಿ, ಬದಲಿಗೆ ಕೀಟಗಳನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತದೆ.

ಜಾಸ್ತಿ ಮುತ್ತಿರುವ ಒಂದೆರಡು ಕೊಂಬೆ ಕತ್ತರಿಸಿ ತೆಗೆಯಿರಿ. ಇದಕ್ಕೆ ಮಾತ್ರ ಕತ್ತರಿ ಬಳಸಬಹುದು. ಉಳಿದದ್ದಕ್ಕೆ ಸೋಪು ದ್ರಾವಣ ಅಥವಾ ಬೇವಿನ ಎಣ್ಣೆ ದ್ರಾವಣ, ಎಲೆಯ ಅಡಿಭಾಗ ತೋಯುವ ಹಾಗೆ, ಬಿಸಿಲು ಇಳಿದ ಮೇಲೆ. ವಾರ ಬಿಟ್ಟು ಮತ್ತೊಮ್ಮೆ, ಯಾಕಂದ್ರೆ ಮೊದಲ ಸಲ ಮೊಟ್ಟೆಗಳು ಉಳಿದುಕೊಳ್ಳುತ್ತವೆ. ಅನ್ನಭೇದಿ ಸಿಂಪಡಿಸಿದ ದಿನವೇ ಇದನ್ನು ಹೊಡೆಯಬೇಡಿ, ಕೆಲವು ದಿನ ಅಂತರ ಇರಲಿ. ಆ ಗಿಡದ ಕೊಂಬೆ ಗೋಡೆಗೆ ತಾಗುತ್ತಿದ್ದರೆ ಬಿಡಿಸಿ, ಇರುವೆಗೆ ಅದೂ ಒಂದು ದಾರಿ.

ಬೇಲಿಸಾಲು, ಕೆಲವು ವಾರಗಳ ನಂತರ:

ಗೋಡೆ ಕಡೆಯ ಗಿಡಗಳಲ್ಲಿ ಹೊಸದಾಗಿ ಬಂದ ಚಿಗುರು ತಿಳಿ ಹಸಿರಾಗಿದೆ, ನರ ಮತ್ತು ನಡುವಿನ ಬಣ್ಣಕ್ಕೆ ಈಗ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಮೊದಲೇ ಬಿಳಿಚಿದ್ದ ಎಲೆಗಳಲ್ಲಿ ಕೆಲವು ಹಸಿರಿಗೆ ತಿರುಗಿವೆ, ಅಂಚು ಒಣಗಿದವು ಹಾಗೇ ಇವೆ. ಎರಡು ಗಿಡ ಮಾತ್ರ ಏನೂ ಚೇತರಿಸಿಕೊಂಡಿಲ್ಲ. ಇಡಿಡಿಎಚ್‌ಎ ಮತ್ತೆ ಯಾವಾಗ ಹಾಕಬೇಕು?

ಮಣ್ಣುಮುಟ್ಟಿ:

ಓದಿ ತುಂಬಾ ಸಂತೋಷವಾಯಿತು. ಒಣಗಿದ ಅಂಚು ಮತ್ತೆ ಹಸಿರಾಗುವುದಿಲ್ಲ, ಆ ಎಲೆ ತನ್ನ ಕಾಲಕ್ಕೆ ತಾನೇ ಉದುರಲಿ. ಮತ್ತೆ ಹಾಕುವುದಕ್ಕೆ ದಿನ ಲೆಕ್ಕ ಬೇಡ, ಚಿಗುರು ನೋಡಿ ಹಾಕಿ. ಹೊಸ ಎಲೆಯಲ್ಲಿ ನರದ ಬಲೆ ಮತ್ತೆ ಕಾಣಿಸಲು ಶುರುವಾದಾಗ ಕೊಡಿ, ಪೂರ್ತಿ ಹಳದಿಯಾಗುವ ತನಕ ಕಾಯಬೇಡಿ. ಇಕ್ಸೋರಾದ ಎಳೆ ಚಿಗುರು ಸ್ವಭಾವತಃ ಸ್ವಲ್ಪ ತಾಮ್ರದ ಬಣ್ಣ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಎಲೆ ಪೂರ್ತಿ ಬಿಚ್ಚಿದ ಮೇಲೆ ಬಣ್ಣ ನೋಡಿ ತೀರ್ಮಾನಿಸಿ. ಆ ಎರಡು ಗಿಡಗಳ ಪಕ್ಕದಲ್ಲಿ ಸ್ವಲ್ಪ ಅಗೆದು ಒಂದು ಬೇರು ತೆಗೆದು ಗಂಟು ಇದೆಯಾ ನೋಡಿ ಬರೆಯಿರಿ.

ಬೇಲಿಸಾಲು:

ನೋಡಿದೆ, ಗಂಟು ಇಲ್ಲ. ಆದರೆ ಎರಡೂ ಗಿಡಗಳ ಕೆಳಗೆ ಗೋಡೆಯ ಅಡಿಪಾಯದ ಕಾಂಕ್ರೀಟ್ ಹೊರಗೆ ಚಾಚಿದೆ, ಬೇರು ಅದರ ಮೇಲೆ ಚಪ್ಪಟೆಯಾಗಿ ಹರಡಿದೆ.

ಮಣ್ಣುಮುಟ್ಟಿ:

ಹಾಗಾದರೆ ಆ ಎರಡನ್ನು ಅಲ್ಲಿ ಉಳಿಸಲು ಹೋಗಬೇಡಿ. ಮಳೆ ಹಿಡಿದ ಮೇಲೆ ದೂರದ ಕಡೆ, ಸದ್ದು ಬಾರದ ಮಣ್ಣಿಗೆ ಸರಿಸಿ. ಬೇರಿನ ಸುತ್ತ ಮಣ್ಣು ಒಡೆಯದ ಹಾಗೆ ಅಗಲವಾಗಿ ಅಗೆದು ಎತ್ತಿ. ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಮೊಟಕು ಮಾಡಿ, ಮೊದಲಿನ ಕೆಲವು ವಾರ ಮಧ್ಯಾಹ್ನದ ಬಿಸಿಲಿಗೆ ನೆರಳು ಕಟ್ಟಿ. ಖಾಲಿಯಾದ ಜಾಗದಲ್ಲಿ ದೊಡ್ಡ ಕುಂಡ ಇಟ್ಟು ಅದರಲ್ಲೇ ಹುಳಿ ಮಣ್ಣು ತುಂಬಿ ಇಕ್ಸೋರಾ ಬೆಳೆಸಿ, ಸಾಲು ತುಂಡಾಗುವುದಿಲ್ಲ. ಕುಂಡಕ್ಕೆ ಮಳೆನೀರೇ ಹಾಕಿ, ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿ. ತೂತಿನಿಂದ ಬೇರು ಇಳಿದು ಮತ್ತೆ ಅದೇ ಕಾಂಕ್ರೀಟಿಗೆ ಸೇರಬಾರದು.